ಬೀಟೆ ಮರದ ಗಿಟಾರ್ ಕೊಂಡರೆ ದನಿ ಜೋರಾಗುತ್ತದೆಯೇ?

ಹಿಂಬದಿ ಬೀಟೆ ಮರದ್ದಾದರೆ ಅಕೂಸ್ಟಿಕ್ ಗಿಟಾರ್ ಗುಡುಗುತ್ತದೆ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಅದನ್ನು ನಂಬಿ ಸಾವಿರಾರು ರೂಪಾಯಿ ಹೆಚ್ಚು ಕೊಡುವವರಿದ್ದಾರೆ. ಆದರೆ ಇದು ಬಹುಪಾಲು ತಪ್ಪು.

ತೆಳ್ಳಗಿನ ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನ ಬ್ರಿಡ್ಜ್ ಮೂಲಕ ಮುಂದಿನ ಹಲಗೆಗೆ ದಾಟುತ್ತದೆ. ಸಾಮಾನ್ಯವಾಗಿ ಸ್ಪ್ರೂಸ್ ಮರದ, ಸುಮಾರು 3 ಮಿ.ಮೀ. ದಪ್ಪದ ಈ ಹಲಗೆಯೇ ಗಿಟಾರಿನ ಸ್ಪೀಕರ್. ಹಗುರವಿದ್ದಷ್ಟೂ ಅದು ಸಲೀಸಾಗಿ ಕಂಪಿಸುತ್ತದೆ. ಆದರೆ ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 70 ಕೆ.ಜಿ. ಭಾರದಷ್ಟು ಎಳೆಯುತ್ತಿರುತ್ತವೆ! ಹಲಗೆ ಬಾಗದಂತೆ ಒಳಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ಆ ಪಟ್ಟಿಗಳನ್ನು ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ತಯಾರಕರ ಜಾಣ್ಮೆ ಇರುವುದು.

‘ಪವರ್‌ಫುಲ್’ ಎಂದಾಗ ನಾವು ಹಲವು ಗುಣಗಳನ್ನು ಬೆರೆಸಿ ಹೇಳುತ್ತೇವೆ. ಎದೆಗೆ ತಟ್ಟುವ ಬೇಸ್ ಒಂದು ಗುಣ. ಗುಂಪಿನಲ್ಲಿ ನುಡಿಸಿದರೂ ಮುಳುಗದೆ ಕೇಳುವುದು ಇನ್ನೊಂದು. ಎಷ್ಟು ಬಿರುಸಾಗಿ ಬಾರಿಸಿದರೂ ದನಿ ಒಡೆಯದಿರುವುದು ಮತ್ತೊಂದು, ನನ್ನ ಪ್ರಕಾರ ಅದೇ ಮುಖ್ಯ. ಬೇಸ್‌ಗೆ ದೊಡ್ಡ ಡಬ್ಬಿ ನೆರವಾಗುತ್ತದೆ. ಅದಕ್ಕೇ ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ತಯಾರಿಸಿದ ದೊಡ್ಡ ಗಿಟಾರಿಗೆ ಬ್ರಿಟನ್ನಿನ ಯುದ್ಧನೌಕೆ ‘ಡ್ರೆಡ್‌ನಾಟ್’ ಹೆಸರು ಬಂತು. ಆದರೆ ಒಂದಕ್ಕೊಂದು ಬೆಲೆ ತೆರಬೇಕು: ಹಲಗೆ ತಂತಿಯ ಶಕ್ತಿಯನ್ನು ಬೇಗ ಎಳೆದುಕೊಂಡರೆ ಸದ್ದು ಜೋರು, ಸ್ವರ ಮಾತ್ರ ಬೇಗ ಆರುತ್ತದೆ.

ಇನ್ನು ಹಿಂಬದಿಯ ಮರ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನಕ್ಕಾಗಿ ಆರು ಗಿಟಾರುಗಳನ್ನು ಒಂದೇ ವಿನ್ಯಾಸದಲ್ಲಿ ಮಾಡಿಸಲಾಗಿತ್ತು. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ದುಬಾರಿ ಬ್ರೆಜಿಲ್ ರೋಸ್‌ವುಡ್, ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆ, ಮಹಾಗನಿ ಎಲ್ಲವೂ ಅದರಲ್ಲಿದ್ದವು. ಮರ ಕಾಣದಂತೆ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು, ಮಬ್ಬು ಬೆಳಕಿನಲ್ಲಿ 52 ಮಂದಿ ಗಿಟಾರ್ ವಾದಕರು ನುಡಿಸಿದರು. ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ! ಬೀಟೆ ನೋಡಲು ಚೆಂದ, ಆ ಚೆಂದಕ್ಕೆ ದುಡ್ಡು ಕೊಟ್ಟರೆ ತಪ್ಪಿಲ್ಲ.

ಕೊಳ್ಳುವಾಗ ಮುಂದಿನ ಹಲಗೆ ನೋಡಿ. ನಡುವಿನ ರಂಧ್ರದ ಅಂಚಿನಲ್ಲಿ ಮರದ ಗೆರೆಗಳು ಮೇಲಿಂದ ಒಳಗಿನವರೆಗೆ ಸಾಗಿದ್ದರೆ ಅದು ಇಡೀ ಮರ. ಪದರಗಳು ಕಂಡರೆ ಪ್ಲೈವುಡ್. ಬೇರೆಯವರ ಕೈಲಿ ನುಡಿಸಿ, ನೀವು ಎದುರು ನಿಂತು ಕೇಳಿ. ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ. ಹಾಂ, ತಂತಿ ಹಳೆಯದಾಗಿದ್ದರೆ ಯಾವ ಗಿಟಾರೂ ಮಂಕಾಗಿಯೇ ಕೇಳುತ್ತದೆ.