ಬಳ್ಳಿ ಕೊಳ್ಳುವ ಮೊದಲು ಅದರ ಊರು ಕೇಳಿ

ಮಂಗಳೂರಿನ ಕದ್ರಿ ಪಾರ್ಕಿನಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆ ಜನವರಿಯ ಬಿಸಿಲಿಗೆ ಬೋಗನ್‌ವಿಲ್ಲಾ ಎಲೆ ಕಾಣದಷ್ಟು ಹೂ ಬಿಟ್ಟಿರುತ್ತದೆ. ಅದನ್ನು ನೋಡಿ ಆಸೆಪಟ್ಟು ಗಿಡ ಕೊಂಡು ಅಂಗಳದಲ್ಲಿ ನೆಟ್ಟರೆ, ಆಟಿಯ ಮಳೆಗೆ ಬರೀ ಎಲೆ, ಮುಳ್ಳು. ನರ್ಸರಿಯವರು ಮೋಸ ಮಾಡಿದರು ಎಂದು ಬೈಯುವವರಿದ್ದಾರೆ. ಮೋಸ ಏನಿಲ್ಲ. ಬಳ್ಳಿ ಎಲ್ಲಿಂದ ಬಂತು ಎಂದು ತಿಳಿದರೆ ಅದು ನಮ್ಮ ಅಂಗಳದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಅರ್ಧ ತಿಳಿದಂತೆ.

ಹಡಗಿನಲ್ಲಿ ಬಂದವು

ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. 1767ರಲ್ಲಿ ಫ್ರೆಂಚ್ ಸಸ್ಯತಜ್ಞ ಕಾಮರ್ಸನ್ ಇದನ್ನು ಬ್ರೆಜಿಲಿನ ರಿಯೊದಲ್ಲಿ ಸಂಗ್ರಹಿಸಿದ. ಆತನ ಸಹಾಯಕಿ ಝಾನ್ ಬಾರೆ ಗಂಡಸಿನ ವೇಷದಲ್ಲಿ ಹಡಗು ಹತ್ತಿದ್ದ ಹೆಂಗಸು. ಯಾನದ ನಾಯಕ ಬೋಗನ್‌ವಿಲ್‌ನ ಹೆಸರೇ ಬಳ್ಳಿಗೆ ಬಂತು. ನಾವು ಹೂವೆನ್ನುವ ಬಣ್ಣದ ಕಾಗದದಂಥ ಭಾಗ ನಿಜವಾಗಿ ಎಲೆ. ಹೂವೆಂದರೆ ಅದರ ನಡುವಿನ ಸಣ್ಣ ಬಿಳಿ ಕೊಳವೆ. ನೀರು ಕಡಿಮೆಯಾಗಿ ಬಿಸಿಲು ಏರಿದಾಗ ಹೂ ಬಿಡುವುದು ಇದರ ಗುಣ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ನಮ್ಮೂರಲ್ಲಿ ಮಳೆಗಾಲಕ್ಕೆ ಅದರಿಂದ ಹೂ ಬಯಸಬಾರದು. ನೀರು ನಿಲ್ಲದ ಕಡೆ, ಪೂರ್ತಿ ಬಿಸಿಲಿಗೆ ನೆಡಿ.

ಹಳದಿ ಗಂಟೆಯಂಥ ಹೂವಿನ ಅಲಮಂಡಾ ಕೂಡ ದಕ್ಷಿಣ ಅಮೆರಿಕದ್ದೇ. ಆದರೆ ಅದು ತೇವ ಸಹಿಸುವ ಬಳ್ಳಿ. ನಮ್ಮ ಮಳೆಗೂ ಹೂ ಬಿಡುತ್ತದೆ. ಅದರ ಹಾಲು ವಿಷ, ಮಕ್ಕಳ ಕೈಗೆ ಸಿಗದಂತೆ ಬೆಳೆಸಬೇಕು.

ರಂಗೂನ್ ಮಲ್ಲಿಗೆ ನಮ್ಮ ಏಷ್ಯಾದ್ದೇ. ಸಂಜೆ ಬಿಳಿಯಾಗಿ ಅರಳಿ, ಮಾರನೇ ದಿನ ಗುಲಾಬಿ, ಆಮೇಲೆ ಕೆಂಪು. ಬಿಳಿ ಹೂವಿನ ರಾತ್ರಿ ಪರಿಮಳಕ್ಕೆ ಪತಂಗಗಳು ಬರುತ್ತವೆ. ಯುರೋಪಿನವರು ಇದಕ್ಕಿಟ್ಟ ಹಳೆಯ ಲ್ಯಾಟಿನ್ ಹೆಸರು ಕ್ವಿಸ್‌ಕ್ವಾಲಿಸ್. ಅಂದರೆ "ಯಾರು? ಎಂಥದ್ದು?" ಇದು ಮರದಷ್ಟು ದಪ್ಪವಾಗುವ ಬಳ್ಳಿ. ಹಂಚಿನ ಮಾಡಿಗೆ ಹತ್ತಿಸಿದರೆ ಹಂಚು ಸರಿದು ಮಳೆಗಾಲದಲ್ಲಿ ಮನೆಯೊಳಗೆ ಸೋರುತ್ತದೆ. ಗಟ್ಟಿ ಚಪ್ಪರವನ್ನೇ ಕೊಡಿ.

ಇಲ್ಲಿಯೇ ಇದ್ದವು

ಡಚ್ಚರು ಕೊಚ್ಚಿಯಲ್ಲಿದ್ದಾಗ ಅವರ ಅಧಿಕಾರಿ ವಾನ್ ರೀಡ್ ಈ ಕರಾವಳಿಯ ಗಿಡಗಳ ಬಗ್ಗೆ 'ಹೊರ್ತುಸ್ ಮಲಬಾರಿಕುಸ್' ಎಂಬ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದರ 12 ಸಂಪುಟಗಳು ಅಚ್ಚಾದವು. 700ಕ್ಕೂ ಹೆಚ್ಚು ಗಿಡಗಳ ವಿವರ ಅದರಲ್ಲಿದೆ. ಆ ತಿಳಿವಳಿಕೆ ಕೊಟ್ಟವರು ಇಲ್ಲಿನವರು: ಈಳವ ವೈದ್ಯ ಇಟ್ಟಿ ಅಚ್ಯುತನ್, ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರು. ಈ ಮೂವರ ಕೊಂಕಣಿ ದೃಢೀಕರಣ ಪತ್ರವೂ ಗ್ರಂಥದಲ್ಲಿ ಅಚ್ಚಾಗಿದೆ.

ನಮ್ಮ ಬೇಲಿಯ ಶಂಖಪುಷ್ಪ ಅಲ್ಲಿದೆ. ತೆಳು ಬಳ್ಳಿ, ಎರಡು ಕೋಲು, ನಾಲ್ಕು ಹಗ್ಗ ಸಾಕು. ಬೀಜ ಹಾಕಿದರೆ ಹುಟ್ಟುತ್ತದೆ, ದುಡ್ಡೇ ಬೇಡ.

ಮಳೆ ಬಂದಾಗ ಗಡ್ಡೆಯಿಂದ ಎದ್ದು, ಎಲೆಯ ತುದಿಯನ್ನೇ ಕೊಕ್ಕೆ ಮಾಡಿ ಹತ್ತುವ ಗೌರಿಹೂ ಕೂಡ ಅಲ್ಲಿದೆ. ಕೆಂಪು-ಹಳದಿ ಬೆಂಕಿಯಂತೆ ಅರಳುವುದರಿಂದ ಅಗ್ನಿಶಿಖೆ ಎಂದೂ ಹೆಸರು. ಮಳೆ ಮುಗಿದ ಮೇಲೆ ಬಳ್ಳಿ ಒಣಗುತ್ತದೆ, ಸತ್ತಿತೆಂದು ಕಿತ್ತೆಸೆಯಬೇಡಿ. ಗಡ್ಡೆ ಮಾತ್ರ ಪ್ರಾಣಕ್ಕೇ ಅಪಾಯ ತರುವಷ್ಟು ವಿಷ. ಗೆಣಸಿನ ಸಾಲಿನ ಹತ್ತಿರ ನೆಡಲೇಬಾರದು.

ಘಟ್ಟದ ಬಳ್ಳಿಯೊಂದರ ಕಥೆ ಬೇರೆಯೇ. ಥನ್‌ಬರ್ಜಿಯಾ ಮೈಸೊರೆನ್ಸಿಸ್ ಎಂದು ಮೈಸೂರಿನ ಹೆಸರು ಹೊತ್ತ ಇದನ್ನು ಮೊದಲು ಪುಸ್ತಕಕ್ಕೆ ತಂದವರು ಮದರಾಸಿನಲ್ಲಿ ಕಂಪನಿಯ ವೈದ್ಯರಾಗಿದ್ದ ರಾಬರ್ಟ್ ವೈಟ್. ಹಳದಿ-ಕಂದುಗೆಂಪು ಹೂಗಳು ಉದ್ದದ ಮಾಲೆಯಾಗಿ ಜೋತುಬೀಳುತ್ತವೆ, ಸೂರಕ್ಕಿಗಳು ಜೇನು ಹೀರಲು ಬರುತ್ತವೆ. ವಿದೇಶದ ಗಾಜಿನ ಮನೆಗಳಲ್ಲಿ ಇದಕ್ಕೆ ರಾಜಮರ್ಯಾದೆ. ಇದು ಹುಟ್ಟಿದ ಘಟ್ಟದ ಬುಡದಲ್ಲಿರುವ ನಾವು ಮಾತ್ರ ಬ್ರೆಜಿಲಿನ ಬಳ್ಳಿ ಕೊಳ್ಳುತ್ತೇವೆ. ಎತ್ತರದ ಚಪ್ಪರ ಇದ್ದವರಿಗೆ ಇದಕ್ಕಿಂತ ಚಂದದ್ದು ಅಪರೂಪ.

ಹೂವಿನಿಂದ ನಾಲ್ಕು ಕಾಸು ಬೇಕೆನ್ನುವವರಿಗೆ ಮಲ್ಲಿಗೆ. ಜಿಐ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆಯನ್ನು ಶಂಕರಪುರದ ಮನೆಗಳು ಪೊದೆಯಾಗಿಯೇ ಬೆಳೆಸುತ್ತವೆ, ಚಪ್ಪರ ಬೇಡ. ಬೆಳಗಿನ ಜಾವ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಎಷ್ಟೋ ಮನೆಗಳ ಹೆಂಗಸರ ಕೈಖರ್ಚು ಈ ಲೆಕ್ಕದಲ್ಲೇ ನಡೆದಿದೆ.

ಹೊರಗಿನ ಬಳ್ಳಿ ಬೇಡವೆಂದು ಹೇಳುತ್ತಿಲ್ಲ. ನಾವು ದಿನಾ ತಿನ್ನುವ ಮೆಣಸಿನಕಾಯಿಯೂ ಹಡಗಿನಲ್ಲೇ ಬಂದದ್ದು. ಆದರೆ ನರ್ಸರಿಯ ಚೀಟಿಯಲ್ಲಿ ಬಳ್ಳಿಯ ಊರು ಬರೆದಿರುವುದಿಲ್ಲ. ವಿಷವೋ, ಮಳೆ ತಡೆಯುತ್ತದೋ, ಎಷ್ಟು ಭಾರವಾಗುತ್ತದೋ, ಅದೂ ಇಲ್ಲ. ಮುನ್ನೂರೈವತ್ತು ವರ್ಷದ ಹಿಂದೆ ಡಚ್ಚರಿಗೆ ಹೇಳಿಕೊಟ್ಟವರು ನಮ್ಮ ಕರಾವಳಿಯವರೇ. ಈಗಲೂ ಮನೆಯ ಅಜ್ಜಿಗೆ, ಊರಿನ ನಾಟಿವೈದ್ಯರಿಗೆ ಕೆಲವು ಹೆಸರು ನೆನಪಿವೆ. ಪತ್ತನಾಜೆ ಕಳೆದು ಮಳೆ ಹಿಡಿದರೆ ಬಳ್ಳಿ ನೆಡುವ ಕಾಲ. ಅದಕ್ಕೆ ಮೊದಲು ಒಮ್ಮೆ ಅವರನ್ನು ಕೇಳಿ, ಬರೆದಿಟ್ಟುಕೊಳ್ಳಿ.