ಲೆಡ್ಜರ್ ಕ್ಲಾರ್ಕು ಮತ್ತು ಕಂಪ್ಯೂಟರು

ನೂರು ರೂಪಾಯಿ ಜಮೆ ಮಾಡುವುದು ಕಂಪ್ಯೂಟರಿಗೆ ಏನು ಮಹಾ ಕೆಲಸ ಅಂತ ಜನ ಕೇಳುತ್ತಾರೆ. ಕೂಡಿಸುವುದಕ್ಕೆ ಕ್ಷಣವೂ ಬೇಡ, ನಿಜ. ಕಷ್ಟವೆಲ್ಲ ಇರುವುದು ಬರೆದಿಡುವುದರಲ್ಲಿ. ಕರೆಂಟು ಹೋದರೂ ಲೆಕ್ಕ ಉಳಿಯಬೇಕೆಂದರೆ ಅದನ್ನು ಡಿಸ್ಕಿಗೆ ಬರೆಯಬೇಕು. ಬರೆದಾದ ಮೇಲೆಯೇ ಗಿರಾಕಿಗೆ "ಆಯ್ತು" ಅನ್ನಬೇಕು.

1973ರಲ್ಲಿ ಒಂದು ದೊಡ್ಡ ಬ್ಯಾಂಕಿಗೆ ತನ್ನ 1,000 ಶಾಖೆ, 10,000 ಕೌಂಟರು, 1 ಕೋಟಿ ಖಾತೆಗಳನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರುವ ಆಸೆ ಹುಟ್ಟಿತು. ಭರಾಟೆಯ ಹೊತ್ತಿನಲ್ಲಿ ಸೆಕೆಂಡಿಗೆ 100 ವ್ಯವಹಾರ ಆಗಬೇಕಿತ್ತು. ಆದರೆ ನಿಮಿಷಕ್ಕೆ 3,600 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ ತಿರುಗುವುದು 60 ಸುತ್ತು ಮಾತ್ರ. ಒಂದೊಂದು ಜಮೆಗೂ ಒಂದೊಂದು ಸುತ್ತು ಕಾಯುತ್ತ ಕೂತರೆ 100 ಎಲ್ಲಿಂದ ಬರಬೇಕು? ಇನ್ನೊಂದು ತೊಡಕು: ಖಾತೆ ಬೇರೆಬೇರೆ ಇದ್ದರೂ ಶಾಖೆಯ ಒಟ್ಟು ಮೊತ್ತ ಒಂದೇ. ಒಬ್ಬ ಅದನ್ನು ತಿದ್ದುವಾಗ ಉಳಿದವರೆಲ್ಲ ಸಾಲಿನಲ್ಲಿ ನಿಲ್ಲಬೇಕು.

ಪರಿಹಾರಗಳನ್ನು ಓದಿದಾಗ ನನಗೆ ನಗು ಬಂತು. ಎಲ್ಲ ನಮ್ಮ ಹಳೆಯ ಶಾಖೆಯದ್ದೇ!

ಮೊದಲನೆಯದು, ಖಾತೆಯ ಪುಟ ಹುಡುಕುತ್ತ ಹೋಗದೆ, ಬಂದದ್ದನ್ನು ಬಂದ ಕ್ರಮದಲ್ಲೇ 'ಲಾಗ್' ಎಂಬ ಪುಸ್ತಕಕ್ಕೆ ಬರೆಯುವುದು. ಖಾತೆ ತಿದ್ದುವುದು ಆಮೇಲೆ, ಪುರಸೊತ್ತಾಗಿ. ಬಿಕಾಂನಲ್ಲಿ ಕಲಿತ ದಿನವಹಿ ಇದೇ ಅಲ್ಲವೇ? ಎರಡನೆಯದು, ಹತ್ತಾರು ಜಮೆಗಳನ್ನು ಸೇರಿಸಿ ಒಂದೇ ಸುತ್ತಿಗೆ ಬರೆಯುವುದು. ಜವಾನ ಒಂದೊಂದೇ ವೋಚರು ಹಿಡಿದು ಆಫೀಸರ ಬಳಿ ಓಡುವುದಿಲ್ಲ, ಕಟ್ಟು ಮಾಡಿ ಒಯ್ಯುತ್ತಾನೆ. 1970ರ ದಶಕದ ಐಬಿಎಂನವರ ಐಎಂಎಸ್ ಫಾಸ್ಟ್ ಪಾತ್ ಈ ಉಪಾಯ ಬಳಸಿತು. ಶಾಖೆಯ ಮೊತ್ತದಂಥ ಲೆಕ್ಕಕ್ಕೂ ಅದರಲ್ಲಿ ದಾರಿಯಿತ್ತು: ಮೊತ್ತವನ್ನು ಬೀಗ ಹಾಕಿ ಹಿಡಿದುಕೊಳ್ಳದೆ "ಇಷ್ಟು ಕೂಡಿಸು" ಎಂದಷ್ಟೇ ಗುರುತು ಹಾಕಿಕೊಂಡು, ವ್ಯವಹಾರ ಮುಗಿಯುವ ಗಳಿಗೆಯಲ್ಲಿ ಕೂಡಿಸುವುದು. ನಾವೂ ಪ್ರತಿ ವೋಚರಿಗೆ ಜನರಲ್ ಲೆಡ್ಜರ್ ತೆರೆಯುತ್ತಿರಲಿಲ್ಲ. ಉಪಪುಸ್ತಕದ ಮೊತ್ತವನ್ನು ಸಂಜೆ ಒಮ್ಮೆ ಏರಿಸುತ್ತಿದ್ದೆವು.

ಆ ಬ್ಯಾಂಕಿನ ಜಮೆ-ಖರ್ಚೇ ಮುಂದೆ ಕಂಪ್ಯೂಟರುಗಳ ಪರೀಕ್ಷೆಯ ಅಳತೆಗೋಲಾಯಿತು. 1985ರ ಏಪ್ರಿಲ್ 1ರ 'ಡೇಟಾಮೇಷನ್' ಪತ್ರಿಕೆಯಲ್ಲಿ ಜಿಮ್ ಗ್ರೇ ಮತ್ತು ಸಂಗಡಿಗರು ಹೆಸರು ಹಾಕಿಕೊಳ್ಳದೆ ಅದನ್ನು ಪ್ರಕಟಿಸಿದರು. 1988ರಲ್ಲಿ ಇಂಥ ಪರೀಕ್ಷೆಗಳಿಗೆಂದೇ ಟಿಪಿಸಿ ಸಂಸ್ಥೆ ಹುಟ್ಟಿತು. ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ನಮ್ಮಲ್ಲಿ ಆ ಹೊತ್ತಿಗೆ, 1984ರ ರಂಗರಾಜನ್ ಸಮಿತಿ ವರದಿಯ ನಂತರ, ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬರತೊಡಗಿದ್ದವು.

ಒಂದು ಅಡ್ಡದಾರಿಯೂ ಇದೆ. ಡಿಸ್ಕಿಗೆ ಬರೆಯುವ ಮೊದಲೇ "ಆಯ್ತು" ಅನ್ನುವುದು! ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎರಡರಲ್ಲೂ ಇದಕ್ಕೊಂದು ಸೆಟ್ಟಿಂಗ್ ಇದೆ. ವೇಗ ಖಂಡಿತ ಹೆಚ್ಚುತ್ತದೆ, ಆದರೆ ಕರೆಂಟು ಕೈಕೊಟ್ಟರೆ ಕೊನೆಯ ಕೆಲವು ವ್ಯವಹಾರ ಮಾಯ. ವೆಬ್‌ಸೈಟಿಗೆ ಎಷ್ಟು ಜನ ಬಂದರು ಎಂದು ಎಣಿಸಲು ಅದು ನಡೆದೀತು. ಜನರ ದುಡ್ಡಿಗೆ ನಡೆಯದು. ವೋಚರು ಬರೆಯದೆ ರಸೀದಿಗೆ ಸೀಲು ಒತ್ತುವ ಕ್ಲಾರ್ಕನ್ನು ಚುರುಕಿನವನು ಅಂತ ಯಾರೂ ಹೊಗಳುವುದಿಲ್ಲ.