ಕೊಯ್ಯೋರು ಯಾರು?

ಎಂ.ಎಸ್. ಜನರಲ್ ಸರ್ಜರಿಯ ಮೊದಲ ವರ್ಷ. ನಮ್ಮ ಕೊಟ್ಟೂರು ಕಡೆಯ ಹಿರಿಯರೊಬ್ಬರು ಹರ್ನಿಯಾ ಆಪರೇಷನ್ನಿಗೆಂದು ನಮ್ಮ ವಾರ್ಡಿಗೆ ಬಂದಿದ್ದರು. ನಾನೂ ಕೊಟ್ಟೂರಿನವನೇ ಎಂದು ಗೊತ್ತಾದ ಮೇಲೆ 'ಸರ' ಹೋಗಿ 'ತಮ್ಮಾ' ಬಂದಿತ್ತು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿದರು: "ತಮ್ಮಾ, ಕೊಯ್ಯೋರು ಯಾರು? ನೀನಾ, ದೊಡ್ಡ ಡಾಕ್ಟ್ರಾ?"

"ದೊಡ್ಡ ಡಾಕ್ಟ್ರು ಇರ್ತಾರ ಬಿಡ್ರಿ ಅಜ್ಜಾ" ಅಂದೆ.

ಅದು ಸುಳ್ಳಲ್ಲ. ಆದರೆ ಅವರು ಕೇಳಿದ್ದು ಯಾರು ಇರುತ್ತಾರೆ ಎಂದಲ್ಲ, ಯಾರು ಕೊಯ್ಯುತ್ತಾರೆ ಎಂದು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಸ್ತ್ರವೈದ್ಯ ಮೊದಲ ಸಲ ಚಾಕು ಹಿಡಿಯುವುದು ಯಾರ ಮೈಮೇಲೆ? ಈ ವಿದ್ಯೆಯ ಇತಿಹಾಸವನ್ನು ಓದುತ್ತಾ ಹೋದಂತೆ, ಅದು ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಇತಿಹಾಸವೂ ಹೌದೆಂದು ಅನ್ನಿಸಿತು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಅಭ್ಯಾಸದ ಬಗ್ಗೆಯೇ ಇದೆ. ಕೊಯ್ಯುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ಕೂದಲಿರುವ ತೊಗಲಿನ ಮೇಲೆ ಕೆರೆಯುವುದನ್ನು, ಸತ್ತ ಪ್ರಾಣಿಗಳ ರಕ್ತನಾಳ ಮತ್ತು ತಾವರೆ ದಂಟಿನ ಮೇಲೆ ಚುಚ್ಚುವುದನ್ನು, ದಪ್ಪ ಬಟ್ಟೆ ಮತ್ತು ಮೆತ್ತನೆಯ ಚರ್ಮದ ಮೇಲೆ ಹೊಲಿಗೆಯನ್ನು, ಬಟ್ಟೆಯ ಗೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನು ರೂಢಿಸಿಕೊಳ್ಳಬೇಕು. ಎಷ್ಟೇ ಓದಿದ್ದರೂ ಕೈ ಪಳಗಿಸದವನು ಈ ಕೆಲಸಕ್ಕೆ ತಕ್ಕವನಲ್ಲ ಎನ್ನುತ್ತದೆ ಆ ಗ್ರಂಥ. ಮೊದಲ ತಪ್ಪು ತರಕಾರಿಯ ಮೇಲೆ ಆಗಲಿ, ಮನುಷ್ಯನ ಮೇಲೆ ಬೇಡ ಎಂಬ ವಿವೇಕ ಅದು. ಆದರೆ ಸೋರೆಕಾಯಿಗೆ ರಕ್ತ ಸುರಿಯುವುದಿಲ್ಲ. ಒಂದಲ್ಲ ಒಂದು ದಿನ ತರಕಾರಿ ಬಿಟ್ಟು ಮನುಷ್ಯನ ಬಳಿಗೆ ಬರಲೇಬೇಕು.

ಆ ದಾಟುವಿಕೆಗೆ ಈಗಿನ ರೂಪ ಕೊಟ್ಟವರು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ 1889ರಲ್ಲಿ ಬಾಗಿಲು ತೆರೆಯಿತು. ಜರ್ಮನ್ ಭಾಷೆಯ ನಾಡುಗಳ ಆಸ್ಪತ್ರೆಗಳನ್ನು ಕಂಡು ಬಂದಿದ್ದ ಅವರು ಅಲ್ಲಿ ಮೆಟ್ಟಿಲು ಮೆಟ್ಟಿಲಾದ ತರಬೇತಿಯನ್ನು ಕಟ್ಟಿದರು. ಮೊದಲು ನೋಡು, ಆಮೇಲೆ ಕೈಗೂಡಿಸು, ನಂತರ ಹಿರಿಯರ ಕಣ್ಣೆದುರು ಮಾಡು, ಕೊನೆಗೆ ಒಬ್ಬನೇ ಮಾಡು. ಕಲಿಯುವವರು ಆಸ್ಪತ್ರೆಯಲ್ಲೇ ವಾಸವಿರಬೇಕಿತ್ತು. 'ರೆಸಿಡೆಂಟ್' ಅಂದರೆ ಅಲ್ಲಿಯೇ ವಾಸಿಸುವವನು. ಎಷ್ಟು ವರ್ಷ ಎಂಬ ಲೆಕ್ಕವಿಲ್ಲ. ಗುರುವಿಗೆ ಸಾಕೆನಿಸಿದಾಗ ಸಾಕು.

ಅದೇ ಹಾಲ್‌ಸ್ಟೆಡ್ 1880ರ ದಶಕದಲ್ಲಿ ಕೊಕೇನನ್ನು ಅರಿವಳಿಕೆಯಾಗಿ ಬಳಸಲು ಹೋಗಿ, ತಮ್ಮ ಮೈಮೇಲೆಯೇ ಪ್ರಯೋಗ ಮಾಡಿಕೊಂಡು ಅದರ ಚಟಕ್ಕೆ ಬಿದ್ದಿದ್ದರು. ಮುಂದೆ ಮಾರ್ಫಿನ್ ಅಂಟಿಕೊಂಡಿತು. ನಿದ್ದೆ, ಮನೆ, ಮದುವೆ ಎಲ್ಲವನ್ನೂ ಶಿಷ್ಯರು ಬದಿಗಿಡಬೇಕೆಂದು ಬಯಸಿದ ವ್ಯವಸ್ಥೆಯನ್ನು ಕಟ್ಟಿದವರು ಒಳಗೊಳಗೇ ಹೀಗೆ ನರಳುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

ಆ ನಿದ್ದೆಗೇಡಿನ ಬೆಲೆ ಬಹಳ ಕಾಲ ಯಾರ ಲೆಕ್ಕಕ್ಕೂ ಬರಲಿಲ್ಲ. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆಗೆ ಸೇರಿದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ದಣಿದ ರೆಸಿಡೆಂಟ್‌ಗಳ ಕೈಗೆ ಮಗಳನ್ನು ಬಿಟ್ಟಿದ್ದರು ಎಂದು ಪತ್ರಕರ್ತನಾಗಿದ್ದ ತಂದೆ ಹೋರಾಟಕ್ಕಿಳಿದ. 1989ರಲ್ಲಿ ಆ ರಾಜ್ಯ, 2003ರಲ್ಲಿ ಇಡೀ ಅಮೆರಿಕ ವಾರಕ್ಕೆ 80 ಗಂಟೆಯ ಮಿತಿ ಹಾಕಿಕೊಂಡವು. ನಮ್ಮಲ್ಲಿ 1992ರಲ್ಲೇ ಕೇಂದ್ರ ಸರ್ಕಾರ ವಾರಕ್ಕೆ 48 ಗಂಟೆ, ಒಂದು ಸಲಕ್ಕೆ 12 ಗಂಟೆ ಎಂದು ಕಾಗದದ ಮೇಲೆ ಬರೆದಿತ್ತು. ವೈದ್ಯಕೀಯ ಆಯೋಗದ 2023ರ ನಿಯಮಗಳಲ್ಲಿ ಸಂಖ್ಯೆಯೇ ಇಲ್ಲ, 'ಸಮಂಜಸವಾದ' ಗಂಟೆಗಳು ಎಂದಷ್ಟೇ ಇದೆ.

ಸಮಂಜಸ ಅಂದರೆ ಎಷ್ಟು? ನಾನು ಕಲಿತ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿ ಅಡ್ಮಿಷನ್ ದಿನ ಬೆಳಗ್ಗೆ ಶುರುವಾದ ಡ್ಯೂಟಿ ಮರುದಿನ ಸಂಜೆಗೆ ಮುಗಿದರೆ ಪುಣ್ಯ. ಒಮ್ಮೆ ರಿಟ್ರಾಕ್ಟರ್ ಹಿಡಿದು ನಿಂತಲ್ಲೇ ತೂಕಡಿಸಿದೆ. ಸೀನಿಯರ್ ನನ್ನ ಬೆರಳ ಗೆಣ್ಣಿಗೆ ಫೋರ್ಸೆಪ್ಸಿನಿಂದ ಕುಟ್ಟಿದರು. ಎಚ್ಚರವಾದಾಗ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಇದು: ತೆರೆದ ಹೊಟ್ಟೆಯ ಆ ಮನುಷ್ಯನಿಗೆ ನಾನು ಮಲಗಿದ್ದು ಎಂದೂ ಗೊತ್ತಾಗುವುದಿಲ್ಲ.

ಇನ್ನು ಆ ಮನುಷ್ಯ ಎಲ್ಲಿಂದ ಬಂದವನು? 1953ರವರೆಗೆ ನಮ್ಮೂರು ಮದ್ರಾಸಿನ ಆಡಳಿತದಲ್ಲಿತ್ತು. ಮೈಸೂರು ಸಂಸ್ಥಾನ 1924ರಲ್ಲೇ ವೈದ್ಯಕೀಯ ಕಾಲೇಜು ತೆರೆದಿದ್ದರೂ ಅದು ನಮ್ಮವರಿಗೆ ಬೇರೆ ಸೀಮೆಯ ಮಾತು. 1957ರಲ್ಲಿ ಹುಬ್ಬಳ್ಳಿ, 1961ರಲ್ಲಿ ಬಳ್ಳಾರಿ, 1965ರಲ್ಲಿ ದಾವಣಗೆರೆ, ಹೀಗೆ ಕಾಲೇಜುಗಳು ಹತ್ತಿರ ಹತ್ತಿರ ಬಂದವು. ದಾವಣಗೆರೆಯ ಜಿಲ್ಲಾಸ್ಪತ್ರೆಗೆ ಚಿಗಟೇರಿ ಎಂಬ ಹೆಸರು. ಅದೇ ಹೆಸರಿನ ಊರು ನಮ್ಮ ಪಕ್ಕದ ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿಯವರು ಕೈಯಲ್ಲಿ ಕಾಸಿಲ್ಲದಾಗ ಬಸ್ಸು ಹತ್ತಿದ್ದು ಇಂಥ ದೊಡ್ಡಾಸ್ಪತ್ರೆಗಳ ಕಡೆಗೆ. ಅವರಿಗೆ ಚಿಕಿತ್ಸೆ ಸಿಕ್ಕಿತು, ವಿದ್ಯಾರ್ಥಿಗಳಿಗೆ ಕಲಿಕೆ ಸಿಕ್ಕಿತು. ಇದು ಕೊಡುಕೊಳ್ಳುವ ವ್ಯವಹಾರವೇ. ಆದರೆ ಒಂದು ಕಡೆಯವರಿಗೆ ಮಾತ್ರ ಅದು ವ್ಯವಹಾರ ಎಂದು ಗೊತ್ತಿತ್ತು. ಹಣವಿದ್ದವರು 'ದೊಡ್ಡ ಡಾಕ್ಟ್ರೇ ಮಾಡಬೇಕು' ಎಂದು ಹಟ ಹಿಡಿಯಬಹುದು. ಇಲ್ಲದವರ ಮೈ ನಮಗೆ ಪಾಠವಾಯಿತು.

ಹಾಗಂತ ಬೋಧನಾ ಆಸ್ಪತ್ರೆಯನ್ನು ಹಳಿಯಲಾರೆ. ಯಾರೂ ಕಲಿಯದಿದ್ದರೆ ನಾಳೆ ಕೊಯ್ಯಲು ಯಾರೂ ಇರುವುದಿಲ್ಲ. ಈಗ ಜಿಲ್ಲಾ ರೆಸಿಡೆನ್ಸಿ ಯೋಜನೆಯಲ್ಲಿ ಪಿಜಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗೂ ಹೋಗಬೇಕು. ರೋಗಿ ಇದ್ದಲ್ಲಿಗೆ ಕಲಿಯುವವನೇ ಹೋಗುವುದು ಒಳ್ಳೆಯದೇ. ನನ್ನ ತಕರಾರು ಕಲಿಯುವುದರ ಬಗ್ಗೆ ಅಲ್ಲ, ಹೇಳದೆ ಕಲಿಯುವುದರ ಬಗ್ಗೆ.

ಆ ಅಜ್ಜನ ಹರ್ನಿಯಾ ಆಪರೇಷನ್ ಮಾಡಿದ್ದು ನಮ್ಮ ಸೀನಿಯರ್, ದೊಡ್ಡ ಡಾಕ್ಟರು ಪಕ್ಕದಲ್ಲಿದ್ದರು. ಕೊನೆಗೆ ಚರ್ಮದ ಹೊಲಿಗೆ ನನಗೆ ಬಿಟ್ಟರು. ಜೀವಂತ ಮೈಮೇಲೆ ನಾನು ಹಾಕಿದ ಮೊದಲ ಹೊಲಿಗೆ ಅದು. ಏಳನೆಯ ದಿನ ಹೊಲಿಗೆ ಬಿಚ್ಚುವಾಗ ನೋಡಿದರೆ ಗಾಯ ಚೆನ್ನಾಗಿ ಕೂಡಿತ್ತು, ಆದರೆ ಒಂದು ಕಡೆ ಗೆರೆ ಸೊಟ್ಟ. ಸುಮ್ಮನಿರಲಾಗಲಿಲ್ಲ.

"ಅಜ್ಜಾ, ಕೊಯ್ದೋರು ನಮ್ಮ ಸೀನಿಯರ್ರು. ಹೊಲಿದೋನು ನಾನು."

ಅವರು ಸೊಟ್ಟ ಗೆರೆಯ ಮೇಲೆ ಬೆರಳಾಡಿಸಿದರು. "ಅವತ್ತಾ ಹೇಳಬೇಕಿತ್ತಲ್ಲ ತಮ್ಮಾ. ನಾ ಏನ್ ಬ್ಯಾಡ ಅಂತಿದ್ನಾ?"

ಅಂದಿನಿಂದ ಒಪ್ಪಿಗೆ ಪತ್ರ ಮುಂದಿಡುವಾಗ ಚಾಕು ಹಿಡಿಯುವವರು ಯಾರು, ಹೊಲಿಯುವವರು ಯಾರು, ಅವರ ಜೊತೆ ಯಾರಿರುತ್ತಾರೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಬೇಡ ಅನ್ನುತ್ತಾರೆ. ಹೆಚ್ಚಿನವರು ಒಮ್ಮೆ ಮುಖ ನೋಡಿ ಹೆಬ್ಬೆಟ್ಟು ಒತ್ತುತ್ತಾರೆ.